ಶಾಗ್ಯದ ಇನ್ನೂರ ಹದಿನಾಲ್ಕು ಕಿವಿ

ನಾಲ್ಕು ವರ್ಷದ ಹಿಂದೆ ನಾನು ಹನೂರು ಕಡೆ ಪಶುವೈದ್ಯನಾಗಿದ್ದೆ. ನಿವೃತ್ತಿಗೆ ಎಂಟು ತಿಂಗಳಿತ್ತು. ಕಾಲುಬಾಯಿ ರೋಗದ ಲಸಿಕೆ ಮುಗಿದು, ಶಾಗ್ಯ ಎಂಬ ಹಳ್ಳಿಯ 214 ದನಗಳ ಪಟ್ಟಿ ಪ್ರಿಂಟಾಗಿ ನನ್ನ ಮೇಜಿಗೆ ಬಂತು. ಲಸಿಕೆ ಹಾಕಿದ ಪ್ರತಿ ದನದ ಕಿವಿಗೂ ಹನ್ನೆರಡು ಅಂಕಿಯ ಹಳದಿ ಓಲೆ ಇರುತ್ತದೆ. ಒಂದರ ಸಂಖ್ಯೆ ಇನ್ನೊಂದಕ್ಕಿರುವುದಿಲ್ಲ. ಪಟ್ಟಿಯಲ್ಲಿ ಮಾತ್ರ ಮೊದಲ ಸಾಲಿನಿಂದ ಕೊನೆಯವರೆಗೂ ಒಂದೇ: 1.04E+11.

ಅನುಮಾನ ನನಗೆ ಮೊದಲಿನಿಂದಲೂ ಕೊಂಚ ಜಾಸ್ತಿ. ಲಸಿಕೆ ಹಾಕುವ ಮಹದೇವ ಯಳಂದೂರಿನವನು, ಗುತ್ತಿಗೆ ನೌಕರ. ದಿನಕ್ಕೆ ಎಪ್ಪತ್ತು ದನ ಮುಗಿಸಿದೆ ಎಂದಾಗಲೇ ನಾನು ನಂಬಿರಲಿಲ್ಲ. ಎಲ್ಲೋ ಮರದಡಿ ಕೂತು ಒಂದೇ ಸಂಖ್ಯೆ ತುಂಬಿಸಿ, ಲಸಿಕೆ ಚರಂಡಿಗೆ ಸುರಿದಿದ್ದಾನೆ ಎಂದು ತೀರ್ಮಾನಿಸಿಬಿಟ್ಟೆ. ಅವನನ್ನು ಕೆಲಸದಿಂದ ಬಿಡಿಸುವ ಪತ್ರ ಟೈಪಾಯಿತು. ನನ್ನ ಸಹಿಯೊಂದು ಬಾಕಿ.

ಕರೆಸಿದೆ. ಕುಂಟುತ್ತಾ ಬಂದ. ನಾಟಕ ಎಂದುಕೊಂಡೆ. ಮೊಬೈಲಿನಲ್ಲಿ ಎಲ್ಲ ಸರಿಯಾಗೇ ತುಂಬಿಸಿದ್ದೇನೆ ಎಂದ. ಎಲ್ಲಿ ಅಳುಕುತ್ತಾನೋ ಎಂದು ನಾನು ಅವನ ಕಣ್ಣನ್ನೇ ನೋಡುತ್ತಿದ್ದೆ.

"ನನ್ ಮೊಕ ನೋಡ್ಬ್ಯಾಡಿ ಸಾ, ದನದ್ ಕಿವಿ ನೋಡಿ," ಎಂದ.

ಮಾರನೆಯ ಬೆಳಿಗ್ಗೆ ಅವನಿಗೆ ತಿಳಿಸದೆ ಶಾಗ್ಯಕ್ಕೆ ಹೋದೆ. ಮೊದಲ ಮನೆಯ ಪುಟ್ಟಮ್ಮನಿಗೆ ನನ್ನ ಮೇಲೇ ಗುಮಾನಿ.

"ಮಾದೇವ ಆಗ್ಲೇ ಸೂಜಿ ಆಕವ್ನೆ ಕಣ್ರಿ. ನಮ್ ಕರಿ ಅಸ ಮೊಣಕಾಲ್ಗೆ ಒದ್ರೂ ಬುಡ್ನಿಲ್ಲ. ಇನ್ನೇನಾಗ್ಬೇಕಿತ್ತು?"

ಕರಿ ಹಸುವಿನ ಓಲೆ 104120337186. ಪಕ್ಕದ ಮನೆಯ ಎತ್ತಿನದು 104120337194. ಮೂವತ್ತೊಂದು ಕಿವಿ ನೋಡಿದೆ, ಎಲ್ಲವೂ ಬೇರೆ ಬೇರೆ.

ವಾಪಸು ಬಂದು ಕಂಪ್ಯೂಟರಿನಲ್ಲಿ ಪಟ್ಟಿ ತೆರೆಸಿದೆ. ಸಂಖ್ಯೆ ಉದ್ದವಾದರೆ ಯಂತ್ರ ಅದನ್ನು ವೈಜ್ಞಾನಿಕ ರೂಪಕ್ಕೆ ಇಳಿಸುತ್ತದೆ. 1.04E+11 ಎಂದರೆ 1.04 ಗುಣಿಸು ಹತ್ತರ ಹನ್ನೊಂದನೇ ಘಾತ. ಬಿಂದುವನ್ನು ಹನ್ನೊಂದು ಸ್ಥಾನ ಬಲಕ್ಕೆ ಸರಿಸಿದರೆ 104 ಮತ್ತು ಒಂಬತ್ತು ಸೊನ್ನೆ. ನಕ್ಷತ್ರದ ದೂರ ಹೇಳಲು ಅಷ್ಟು ಸಾಕು. ಹಸು ಗುರುತಿಸಲು ಮಾತ್ರ ಕಾಣದೆ ಹೋದ ಆ ಒಂಬತ್ತು ಅಂಕಿಗಳೇ ಬೇಕು. ಕಾಲಂನ ಫಾರ್ಮ್ಯಾಟ್ ಬದಲಿಸಿದ ಕೂಡಲೇ 214 ಸಂಖ್ಯೆಗಳೂ ಪೂರ್ತಿ ಕಂಡವು. ಪಿಯುಸಿಯಲ್ಲೇ ಓದಿದ್ದ ಪಾಠ. ಅನುಮಾನದ ಭರದಲ್ಲಿ ನೆನಪಿಗೇ ಬರಲಿಲ್ಲ. ನಾಚಿಕೆಯಾಯಿತು.

ಪತ್ರ ಹರಿದು ಹಾಕಿ ಮಹದೇವನನ್ನು ಕರೆಸಿದೆ. ಕುರ್ಚಿ ತೋರಿಸಿ, ಕಾಲಿಗೆ ಏನಾಯಿತು ಎಂದು ಕೇಳಿದೆ.

"ಈಗ್ ಕೇಳುದ್ರಲ್ಲ ಸಾ," ಎಂದ. ಕೂರಲಿಲ್ಲ.

ಮೂವತ್ತು ವರ್ಷದ ನೌಕರಿ ನನಗೆ ಕಲಿಸದ್ದನ್ನು ಆ ನಿಂತ ಮನುಷ್ಯ ಕಲಿಸಿದ. ಆ ಪ್ರಶ್ನೆಯನ್ನು ಮೊದಲ ದಿನವೇ ಕೇಳಿದ್ದರೆ ನಾನು ಒಂದು ಕಿವಿಯನ್ನೂ ನೋಡಬೇಕಿರಲಿಲ್ಲ.