ಪಾಸ್ಟರಮ್ಮ ಆರಿಸಿದ ಆಂಪ್ಲಿಫೈಯರ್

ಕಳೆದ ವಾರ ನ್ಯಾಮತಿಯ ಒಂದು ಪುಟ್ಟ ಚರ್ಚಿನವರು ಹೊಸದಾಗಿ ತಂದ ಗಿಟಾರ್ ಆಂಪ್ಲಿಫೈಯರನ್ನು ಜೋಡಿಸಿಕೊಡಲು ನನ್ನನ್ನು ಕರೆದಿದ್ದರು. ರಟ್ಟಿನ ಪೆಟ್ಟಿಗೆ ಬಿಚ್ಚುತ್ತಿದ್ದಂತೆ ಹೊಸ ರೆಕ್ಸಿನ್ನಿನ ವಾಸನೆ ಮೂಗಿಗೆ ಬಡಿಯಿತು. ಹೊನ್ನಾಳಿಯ ನಮ್ಮ ಪಾಸ್ಟರಮ್ಮ ಕಣ್ಣ ಮುಂದೆ ಬಂದರು...

ನಮ್ಮ ಚರ್ಚಿನ ಪಾಸ್ಟರರ ಹೆಂಡತಿ ಅವರು. ಹಾಡು ಎತ್ತುತ್ತಿದ್ದವರೂ ಅವರೇ. ಮೈಕ್ ಇಲ್ಲದೆಯೂ ಅವರ ದನಿ ಬಾಗಿಲಾಚೆ ಬಿಟ್ಟ ಚಪ್ಪಲಿಗಳವರೆಗೆ ಮುಟ್ಟುತ್ತಿತ್ತು. ನಾನು ಗಿಟಾರ್ ನುಡಿಸುತ್ತಿದ್ದೆ. ಅದನ್ನು ಮೈಕಿನ ಪೆಟ್ಟಿಗೆಗೇ ಸಿಕ್ಕಿಸುತ್ತಿದ್ದುದರಿಂದ ಗೊರಗೊರ ಸದ್ದೇ ಹೆಚ್ಚು. ಗಿಟಾರಿಗೆಂದೇ ಒಂದು ಆಂಪ್ಲಿಫೈಯರ್ ತರೋಣ ಎಂದು ಮೊದಲು ಹೇಳಿದ್ದು ಪಾಸ್ಟರಮ್ಮನೇ. ಅಷ್ಟರಲ್ಲಿ ಅವರ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಆಯಿತು. ಮನೆಗೆ ಮರಳಿದಾಗ ಆ ದನಿ ಪಿಸುಮಾತಿಗಿಂತ ಒಂಚೂರು ಮೇಲಿತ್ತು, ಅಷ್ಟೇ. ಆದರೂ ಗಾಯ ಮಾಯುತ್ತಿದ್ದಂತೆ ಮತ್ತೆ ಹಾಡಲು ಬಂದು ನಿಂತರು.

ದಾವಣಗೆರೆಯ ಅಂಗಡಿಗೆ ಹೊರಟಾಗ ನಾನು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಎಲ್ಲಕ್ಕಿಂತ ಚಿಕ್ಕದನ್ನೇ ಆರಿಸಬೇಕು, ಅವರ ದನಿ ಮುಳುಗಬಾರದು. ಅವರೂ ಬಸ್ ಹತ್ತಿ ನನ್ನ ಪಕ್ಕ ಕುಳಿತರು. ಅಂಗಡಿಯಲ್ಲಿ ಚಿಕ್ಕದೊಂದಕ್ಕೆ ಗಿಟಾರ್ ಸಿಕ್ಕಿಸಿ ನುಡಿಸಿದೆ. ಇದೇ ಸಾಕು ಎಂದೆ.

ಸೆರಗಿನಿಂದ ಕತ್ತು ಮುಚ್ಚಿಕೊಂಡು ಅವರು ಹತ್ತಿರ ಬಂದರು. "ನಮ್ ಹಾಲ್ ತುಂಬಾಕೆ ಇದು ಸಾಕಾ? ಮೇಲೆ ತಗಡು ಐತೆ, ಫ್ಯಾನ್ ಸದ್ದು ಐತೆ, ಮಕ್ಕಳು ಅಳ್ತಾವೆ."

"ಸಾಲಲ್ಲ. ಆದ್ರೆ ದೊಡ್ಡದು ತಂದ್ರೆ ಮೈಕಿದ್ರೂ ನಿಮ್ ದನಿ ಕೇಳ್ಸಲ್ಲಮ್ಮ."

ಅವರು ಸಿಟ್ಟಾದದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. "ನನ್ ಗಂಟಲು ನೋಡಿ ಸಾಮಾನು ಆರಿಸ್ಬೇಡ ಕಣಮ್ಮ. ನಾನು ಇನ್ನೆಷ್ಟು ದಿನ ಹಾಡ್ತೀನೋ ಯಾರಿಗ್ ಗೊತ್ತೈತೆ? ಸಭೆ ಹಾಡೋದು ನಿಲ್ಲಬಾರ್ದು. ದೊಡ್ಡದನ್ನ ನುಡಿಸು."

ಒಂದಾದ ಮೇಲೊಂದು ನುಡಿಸಿದೆ. ಅವರು ಹೊರಗೆ ಮೆಟ್ಟಿಲ ಮೇಲೆ, ಬಸ್ಸು ಆಟೊಗಳ ಗಲಾಟೆಯಲ್ಲಿ ನಿಂತು ಕೇಳಿದರು. ಒಂದಕ್ಕೆ ಕೈ ಎತ್ತಿದರು. ಕಿರುಚದೆ, ಆ ಗಲಾಟೆಯಲ್ಲೂ ಸ್ವರ ಬಿಡಿಬಿಡಿಯಾಗಿ ಮುಟ್ಟುತ್ತಿತ್ತಂತೆ. ಅದನ್ನೇ ತಂದೆವು.

ಮೊದಲ ಭಾನುವಾರ ಅವರು ಹಾಡು ಎತ್ತಿದಾಗ ನನ್ನ ಕೈ ತಾನಾಗಿ ವಾಲ್ಯೂಮ್ ತಗ್ಗಿಸಿತು. ಜನರೂ ತಂತಮ್ಮ ದನಿ ತಗ್ಗಿಸಿದರು. ಅವರು ಹಾಡು ನಿಲ್ಲಿಸಿ ನನ್ನ ಬಳಿ ಬಂದರು. ಬಗ್ಗಿ, ತಾವೇ ಗುಂಡಿ ತಿರುಗಿಸಿ ಮೊದಲಿನಷ್ಟೇ ಏರಿಸಿದರು. ಆಮೇಲೆ ಮೈಕಿನ ಮುಂದೆ ಹೋಗಿ ನಿಂತರು.

"ಎಲ್ರೂ ಹಾಡ್ರಿ. ನನಗೋಸ್ಕರ ಸುಮ್ನಿರಾಕೆ ಬಂದಿಲ್ಲ ನೀವು."

ಯಾರೂ ಬಾಯಿ ಬಿಡಲಿಲ್ಲ. ಅವರು ಕೈತಟ್ಟಿ ತಾಳ ಹಾಕುತ್ತಲೇ ನಿಂತರು... ಕೊನೆಗೆ ಹಿಂದಿನ ಸಾಲಿನಿಂದ ಹೊಲಿಗೆ ಕೆಲಸದ ಒಬ್ಬ ನಾಚಿಕೆಯ ಹೆಂಗಸು ಎತ್ತಿದಳು. ಬೆನ್ನಿಗೇ ಇಡೀ ಸಭೆ ಹಾಡಿತು. ಪಾಸ್ಟರಮ್ಮನ ತುಟಿಗಳು ಆಡುತ್ತಿದ್ದವು, ದನಿ ಒಂದಿಷ್ಟೂ ಕೇಳಲಿಲ್ಲ. ಆದರೆ ಅವರ ಮುಖ... ಅಂಥ ತೃಪ್ತಿಯ ಮುಖವನ್ನು ನಾನು ಮತ್ತೆ ಕಂಡಿಲ್ಲ.

ಮರುದಿನವೇ ಆ ಹೆಂಗಸನ್ನು ಮನೆಗೆ ಕರೆಸಿದರು. ಎದುರಿಗೆ ಕೂರಿಸಿಕೊಂಡು, ತೊಡೆಯ ಮೇಲೆ ತಾಳ ಹಾಕುತ್ತ, ಪಿಸುದನಿಯಲ್ಲೇ ಒಂದೊಂದು ಹಾಡನ್ನೂ ಕಲಿಸಿದರು. ಕಾಯಿಲೆ ಮರುಕಳಿಸಿ ಹಾಸಿಗೆ ಹಿಡಿದ ಮೇಲೂ ಬಿಡಲಿಲ್ಲ.

ಅವರು ತೀರಿಕೊಂಡು ವರ್ಷಗಳೇ ಆದವು. ಸಮಾಧಿಯ ಬಳಿ ಹಾಡು ಎತ್ತಿದ್ದು ಆ ಹೆಂಗಸೇ. ಈಗಲೂ ಭಾನುವಾರ ನಮ್ಮನ್ನು ಹಾಡಿಸುವುದು ಆಕೆಯೇ. ಆಕೆಯ ಶ್ರುತಿ ಪಾಸ್ಟರಮ್ಮನದಕ್ಕಿಂತ ಮೇಲೆ. ನನ್ನ ಬೆರಳುಗಳು ಮಾತ್ರ ಇನ್ನೂ ಮೊದಲು ಹೋಗಿ ನಿಲ್ಲುವುದು ಹಳೆಯ ಶ್ರುತಿಯಲ್ಲೇ... ಅಲ್ಲಿ ಈಗ ಹಾಡುವವರು ಯಾರೂ ಇಲ್ಲ. ಬೆರಳು ಸರಿಸುತ್ತೇನೆ. ನುಡಿಸುತ್ತೇನೆ.