ಶೇಷಗಿರಿ ಡಾಕ್ಟರರ ಕಿವಿ

ಹುನಗುಂದದ ಶೇಷಗಿರಿ ಡಾಕ್ಟರರ ಕಿವಿ ಮನುಷ್ಯರ ಮೈಮೇಲಿನ ಬಟ್ಟೆ ನೋಡಿ ತೆರೆಯುತ್ತದೆ. ಅರಳೆ ಸಾಹುಕಾರ ಬಂದರೆ ಕುರ್ಚಿ, ಚಹಾ. ಅವನ ಹುಳಿತೇಗಿನ ಕಥೆಯನ್ನು ಅರ್ಧ ತಾಸು ಪುರಾಣದಂತೆ ಕೇಳುತ್ತಾರೆ. ಕಂಬಳಿ ಹೊದ್ದವರು ಬಾಯಿ ತೆರೆಯುವ ಮೊದಲೇ ಅವರಿಗೆಂದು ಸೂಜಿ ಕುದಿಯುತ್ತಿರುತ್ತದೆ. "ಗೊತ್ತಾತು, ಗೊತ್ತಾತು, ಸೂಜಿ ಮಾಡಿಸ್ಕೊಂಡು ನಡಿ!" ಕುರಿ ಕಾಯುವ ಮಾಯವ್ವ ಮಗಳು ಬೋರಿಯನ್ನು ಹೊತ್ತು ತಂದದ್ದು ಇದು ಮೂರನೆಯ ಸಲ. ಎರಡು ಸೂಜಿಯಾದರೂ ಕೂಸಿನ ಎದೆಯ ಗೊರಗೊರ ನಿಂತಿಲ್ಲ. "ಮಲಗಿಸಿದ್ರ ಉಸಿರು ಕಟ್ಟತೈತ್ರಿ..." ಎಂದಳು ಮಾಯವ್ವ. "ಗೊತ್ತಾತು!" ಎನ್ನುತ್ತ ಡಾಕ್ಟರರು ಎದೆಬಡಿತ ಕೇಳುವ ಕೊಳವೆಯ ಬಿಲ್ಲೆಯನ್ನು ಬೋರಿಯ ಅಂಗಿಯ ಮೇಲೆ ಒತ್ತಿದರು. ಆಗ ಮಾಯವ್ವ ಕಂಡಳು: ಕೊಳವೆಯ ಇನ್ನೊಂದು ತುದಿ ಅವರ ಕಿವಿಯಲ್ಲಿಲ್ಲ, ಕೊರಳಲ್ಲೇ ಜೋತುಬಿದ್ದಿದೆ. ಅವಳ ಮೈಯೆಲ್ಲ ಉರಿದುಹೋಯಿತು. "ಏನ್ರೀ ಸಾಹೇಬ್ರ, ಕುರಿಮರಿ ಕೆಮ್ಮಿದ್ರ ನಾವು ಅದರ ಎದಿಗೆ ಕಿವಿ ಹಚ್ಚಿ ಕೇಳ್ತೇವ್ರಿ. ನನ್ನ ಮಗಳು ಕುರಿಗಿಂತ ಕಡಿಮಿ ಏನ್ರಿ? ಹಾಕ್ಕೋರಿ ಅದನ್ನ ಕಿವ್ಯಾಗ!" ಪಡಸಾಲೆಯಲ್ಲಿ ಸಾಲಾಗಿ ಕೂತವರೆಲ್ಲ ಇತ್ತ ತಿರುಗಿದರು. ಡಾಕ್ಟರರ ಮುಖ ಕೆಂಪಾಯಿತು. "ಮುಂದಿನವರು ಬರ್ರಿ!" ಎಂದು ಕೂಗಿದರು. ಮತ್ತೊಮ್ಮೆ ಕೂಗಿದರು. ಸಾಲಿನಲ್ಲಿ ಕೂತವರಲ್ಲಿ ಒಬ್ಬರೂ ಏಳಲಿಲ್ಲ.