ಶಿವಕ್ಕನ ತವರಿನ ಹೆಸರು

ನಮ್ಮ ವಿಜಯಪುರದ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನವೇ ಹೆಣ್ಣಿನ ಹೆಸರು ಬದಲಿಸಿಬಿಡುತ್ತಾರೆ. ನಿಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಹೊಸ ಹೆಸರು ಹೇಳಿ, ಪೇಢೆ ಹಂಚಿ, ಹಳೆಯದನ್ನು ಮರೆತು ಊಟಕ್ಕೆ ಕೂರುವವರು ನಾವೇ.

ಇಂಗ್ಲೆಂಡಿನ ಸಟನ್‌ನಲ್ಲಿ ನೆಲೆಸಿದ ಸಂಗಮೇಶನೂ ಅಂಥ ಮನೆಯವನೇ. ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ಮನೆಯಲ್ಲಿ ತಾಯಿ ಶಿವಕ್ಕ, ಮಗಳು ಅಂಕಿತಾ. ಮಗಳು ಎರಿಕ್ ಎಂಬ ಅಮೆರಿಕದ ಹುಡುಗನನ್ನು ಮದುವೆಯಾಗುತ್ತೇನೆ ಎಂದಾಗ ಈತ ಹಟ ಹಿಡಿದ: "ಮನೆತನ ನೋಡ್ಲಾರ್ದ ನಾ ಹೂಂ ಅನ್ನಂಗಿಲ್ಲ."

ನೋಡಿದ. ಹುಡುಗನ ಹಿರಿಯರು ಜರ್ಮನಿಯಿಂದ ಹಡಗು ಹತ್ತಿ ಹೋಗಿ, ಅಮೆರಿಕದ ಹಳ್ಳಿಗಾಡಿನ ಜಿಲ್ಲೆಯೊಂದರಲ್ಲಿ ಹುಲ್ಲುಗಾವಲು ಉತ್ತು ನೆಲೆಯೂರಿದವರು. ಸಂಗಮೇಶ ಕೆಲಸದಿಂದ ಬಂದವನೇ ಲ್ಯಾಪ್‌ಟಾಪ್ ತೆರೆಯುತ್ತಿದ್ದ. ಚರ್ಚಿನ ದಾಖಲೆ, ಗೋರಿಕಲ್ಲುಗಳ ಫೋಟೊ, ಯಾರು ಯಾರಿಗೆ ಹುಟ್ಟಿದರು, ಯಾರು ಕುಡಿದು ಹೊಲ ಕಳೆದರು! ಕಳ್ಳರೇನಾದರೂ ಇದ್ದರೇ ಎಂದು ಕೂಡ ಹುಡುಕಿದ, ನಾಚಿಕೆಯಿಲ್ಲದೆ.

ಇದು ಎರಿಕ್‌ನ ಅಜ್ಜಿಯ ಕಿವಿಗೆ ಬಿತ್ತು. ಆಕೆ ಸಿಟ್ಟಾಗಲಿಲ್ಲ, ಹಿಗ್ಗಿದಳು. ವಿಡಿಯೊ ಕಾಲ್ ಮಾಡಿ, "ಹಡಗಿನಲ್ಲಿ ಬಂದ ನಮ್ಮ ಮುತ್ತಜ್ಜಿಯ ತವರಿನ ಹೆಸರೂ ನಿಮಗೆ ಸಿಕ್ಕಿತಂತೆ! ಮದುವೆಗೆಂದು ಎರಡೂ ಮನೆಯವರ ಹೆಸರುಗಳನ್ನು ಬಟ್ಟೆ ತುಂಡುಗಳ ಒಂದು ಕೌದಿಯ ಮೇಲೆ ಹೊಲಿಯುತ್ತಿದ್ದೇನೆ. ನಿಮ್ಮ ತಾಯಿಗೆ ಹುಟ್ಟಿದ ಮನೆಯಲ್ಲಿ ಇಟ್ಟ ಹೆಸರೇನು?" ಎಂದಳು.

ಸಂಗಮೇಶ ತಾಯಿಯ ಕಡೆ ತಿರುಗಿದ. ಶಿವಕ್ಕ ಅಲ್ಲೇ ಸೋಫಾದ ಮೇಲೆ ಮೆಂತೆ ಸೊಪ್ಪು ಬಿಡಿಸುತ್ತ ಕೂತಿದ್ದಳು.

"ಡ್ಯಾಡ್, ಯು ಡೋಂಟ್ ನೋ?" ಅಂಕಿತಾ ಕೇಳಿದಳು.

"ಅವ್ವಾ... ನಿನ್ನ ಹೆಸರ ಏನಿತ್ತ?"

"ನೀಲವ್ವ." ಶಿವಕ್ಕ ತಲೆ ಎತ್ತಲಿಲ್ಲ. "ನಮ್ಮತ್ತೀ ಹೆಸರೂ ಅದಾ ಇತ್ತು. ನನ್ನ ಬೈಯೂ ಮುಂದ ತನ್ನನ್ನಾ ಬೈಕೊಂಡಂಗ ಆಗತೈತಿ ಅಂತ ಬದಲಿಸಿದ್ಲು. ಹಂಗ ಕರ್ಯಾವ್ರು ಈಗ ಯಾರೂ ಉಳದಿಲ್ಲ ಬಿಡು. ನೀ ಆ ಜರ್ಮನ್ ಮುದುಕಿ ಗೋರಿ ಹುಡುಕೂ ಮುಂದ ನಾ ಇಲ್ಲೇ ಕುಂತಿದ್ನೆಪಾ. ನನ್ನೂ ಕೇಳ್ತಾನೇನೋ ಅಂತ ನೋಡೇ ನೋಡಿದೆ."

ಪರದೆಯನ್ನೂ ನೋಡಲಾರದೆ, ತಾಯಿಯನ್ನೂ ನೋಡಲಾರದೆ ಆತ ನೆಲ ನೋಡಿದ. "ನನ್ನ ಒಪ್ಪಿಗಿ ಕೇಳಬ್ಯಾಡ ಅಂಕಿತಾ," ಎಂದ. "ಮನೆತನ ನೋಡೂ ಮಾರಿ ನಂದಲ್ಲ. ನಿಮ್ಮಜ್ಜೀನ್ನ ಕೇಳು."

"ಹುಡುಗ ಛಲೋ ಅದಾನ," ಎಂದಳು ಶಿವಕ್ಕ. "ಕೌದಿ ಮ್ಯಾಲ ನೀಲವ್ವ ಅಂತ ಹೊಲಿ ಅನ್ನು ಆ ಅಜ್ಜಿಗೆ. ಕನ್ನಡದಾಗ."

ಸಂಗಮೇಶನನ್ನು ಬೈಯಲು ಕೂತವನು ನಾನು. ಆದರೆ ಅವನಾದರೂ ಕೊನೆಗೆ ಕೇಳಿದ. ನೀವು? ಈ ಪತ್ರಿಕೆ ಕೆಳಗಿಡಿ. ತಾಯಿ ಇದ್ದರೆ ಈಗಲೇ ಎದ್ದುಹೋಗಿ ಆಕೆಯ ತವರಿನ ಹೆಸರು ಕೇಳಿ, ಕೇಳಿದ್ದನ್ನು ನಿಮ್ಮ ಮಕ್ಕಳ ಬಾಯಲ್ಲಿ ಹೇಳಿಸಿ.